ಮಗ್ಗದ ಮುಂದೆ ತಲೆಯಾಡಿಸಿದ್ದು

ನಮ್ಮ ಬನಹಟ್ಟಿಯ ಓಣಿಯಲ್ಲಿ ಗಂಡ-ಹೆಂಡತಿ ಜಗಳಾಡಬೇಕೆಂದರೂ ಕರೆಂಟ್ ಹೋಗುವ ತನಕ ಕಾಯಬೇಕು. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಪಕ್ಕದ ಮನೆಯಲ್ಲಿ ಆರು, ಎದುರು ಮನೆಯಲ್ಲಿ ಎರಡು. ಬೆಳಿಗ್ಗೆ ಗುಂಡಿ ಒತ್ತಿದರೆ ಮುಗಿಯಿತು, ಲಾಳಿ ಆ ತುದಿಯಿಂದ ಈ ತುದಿಗೆ ಖಟಾಖಟ್ ಹೊಡೆಯಲು ಶುರು. ಆ ಸದ್ದಿನಲ್ಲಿ ದೇವರೇ ಬಂದು ವರ ಕೇಳು ಎಂದರೂ 'ಆಂ?' ಅನ್ನಬೇಕಾಗುತ್ತದೆ. ಹೊರಗಿನಿಂದ ಬಂದವರು ಅರ್ಧ ತಾಸು ಕೂತರೆ ತಲೆ ಹಿಡಿದುಕೊಳ್ಳುತ್ತಾರೆ. ನಮಗಾದರೆ ಸದ್ದು ನಿಂತರೇ ತಲೆನೋವು.

ಅದಕ್ಕೇ ನೇಕಾರರ ಮನೆಗಳಲ್ಲಿ ಮಾತಿನ ರೀತಿಯೇ ಬೇರೆ. ಕೂಗುವುದಿಲ್ಲ, ಕೂಗಿ ಉಪಯೋಗವೂ ಇಲ್ಲ. ತುಟಿಯನ್ನಷ್ಟೇ ದೊಡ್ಡದಾಗಿ ಆಡಿಸುತ್ತೇವೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಹೆಬ್ಬೆರಳು ಬಾಯಿಗೆ ಒಯ್ದರೆ ನೀರು. ಎರಡು ಬೆರಳು ಗಿರಗಿರ ತಿರುಗಿಸಿದರೆ ಕಂಡಿಕೆ ಮುಗಿಯಿತು ಎಂದು, ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಕಡ್ಡಿ ಖಾಲಿಯಾಯಿತು ಎಂದು. ಎಲ್ಲದಕ್ಕೂ ಉತ್ತರ ಕೊಡುವುದು ತಲೆ. ಮೇಲೆ ಕೆಳಗೆ ಆಡಿಸಿದರೆ ಹೂಂ, ಪಕ್ಕಕ್ಕೆ ಆಡಿಸಿದರೆ ಒಲ್ಲೆ. ನಮ್ಮಲ್ಲಿ ತಲೆಯಾಡಿಸಿದರೆ ಮಾತು ಕೊಟ್ಟ ಹಾಗೆ. ಆಮೇಲೆ ಅಂದಿಲ್ಲ ಎನ್ನುವ ಹಾಗಿಲ್ಲ.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ. ಅರ್ಧ ಮುಖ ಕಂಡರೆ ಸಾಕು, ಎಲೆ-ಅಡಿಕೆ ಅಗಿಯುತ್ತಿರುವ ಬಾಯಿಯಾದರೂ ಸರಿ, ಏನಂದರೆಂದು ಹೇಳಿಬಿಡುತ್ತಿದ್ದೆ. ಎದುರು ಮನೆಯ ಅತ್ತೆಗೆ ತನ್ನ ಸೊಸೆ ಮಗ್ಗದ ಹಿಂದೆ ನಿಂತು ಏನು ಗೊಣಗಿದಳೆಂದು ತಿಳಿಯಬೇಕಾದರೆ ನನ್ನ ಹತ್ತಿರ ಬರುತ್ತಿದ್ದಳು. ನಾನು ನಗುತ್ತಾ ಅರ್ಧ ಹೇಳಿ ಅರ್ಧ ನುಂಗುತ್ತಿದ್ದೆ. ಅಷ್ಟು ಸೊಕ್ಕು ಇತ್ತು ನನಗೆ ಈ ಕಣ್ಣಿನ ಮೇಲೆ.

ನನಗೆ ಒಬ್ಬಳೇ ಮಗಳು. ಜಮಖಂಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಬಿ.ಎ. ಮುಗಿಸಿದಳು. ಮಾತೆಂದರೆ ಮಾತು, ಕಾಳು ಹುರಿದ ಹಾಗೆ. ಬಸ್ಸಿನ ಕಂಡಕ್ಟರ್ ಏನಂದ, ಪಕ್ಕದಲ್ಲಿ ಕೂತ ಮುದುಕಿ ಯಾವ ಊರಿನವಳು, ಆಕೆಯ ಎಮ್ಮೆಗೆ ಏನಾಗಿದೆ, ಎಲ್ಲ ವರದಿ ಸಂಜೆಗೆ ಮನೆಗೆ ಬರುತ್ತಿತ್ತು. ಮಗ್ಗ ನಡೆಯುತ್ತಿರುವಾಗಲೂ ಅವಳ ತುಟಿ ನಿಲ್ಲುತ್ತಿರಲಿಲ್ಲ. ಕರೆಂಟ್ ಹೋದ ಕೂಡಲೇ ಓಣಿಯಲ್ಲಿ ಮೊದಲು ಕೇಳುತ್ತಿದ್ದದ್ದು ಅವಳ ದನಿ. ಅರ್ಧ ವಾಕ್ಯದಿಂದ ಕೇಳುತ್ತಿತ್ತು, ಯಾಕೆಂದರೆ ಉಳಿದರ್ಧ ಅದಾಗಲೇ ಸದ್ದಿನಲ್ಲಿ ಮುಗಿದಿರುತ್ತಿತ್ತು. ನನ್ನ ಹೆಂಡತಿ ಬೈಯುತ್ತಿದ್ದಳು, ಹೆಣ್ಣುಮಕ್ಕಳಿಗೆ ಇಷ್ಟು ಬಾಯಿ ಇರಬಾರದು ಎಂದು. ನನಗೆ ಒಳಗೊಳಗೇ ಖುಷಿ.

ಅವಳನ್ನು ನೋಡಲು ಮುಧೋಳದಿಂದ ಬಂದರು. ಬೀಗರಾಗುವವರು ಬರುತ್ತಾರೆಂದು ಅವತ್ತು ನಾಲ್ಕೂ ಮಗ್ಗ ನಿಲ್ಲಿಸಿದ್ದೆ. ಹುಡುಗನಿಗೆ ಸ್ವಂತ ಬಟ್ಟೆ ಅಂಗಡಿ, ಕುಡಿತವಿಲ್ಲ, ಎಲೆ-ಅಡಿಕೆಯೂ ಇಲ್ಲ. ಜಮಖಾನದ ಮೇಲೆ ಎಲ್ಲರೂ ಕೂತಿದ್ದೆವು. ಮಗಳು ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಹುಡುಗನ ತಾಯಿ ಮಗನಿಗೆ ಕಪ್ ಕೊಡುವಾಗ ಅದು ವಾಲಿ ಚಹಾ ಸ್ವಲ್ಪ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. "ಬುದ್ಧಿ ಎಲ್ಲಿಟ್ಟಿ? ಕಣ್ಣು ಕಾಣಂಗಿಲ್ಲೇನು?" ಅಂದ. ದನಿ ಏರಿಸಲಿಲ್ಲ. ಆಳಿಗೆ ಹೇಳಿದ ಹಾಗೆ ಹೇಳಿದ, ಅಷ್ಟೇ. ಆ ತಾಯಿ ಸೆರಗಿನಿಂದ ಒರೆಸುತ್ತಾ ನಕ್ಕಳು. ಆಕೆ ನಕ್ಕಳೆಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗದೆ ನಿಂತವಳು ಬಾಗಿಲಲ್ಲಿದ್ದ ನನ್ನ ಮಗಳೊಬ್ಬಳೇ. ಅದನ್ನೂ ನಾನು ನೋಡಿದೆ. ನೋಡಿಯೂ ನಾಲ್ಕು ಜನ ಹಿರಿಯರ ಮುಂದೆ ಸಕ್ಕರೆ ತಿಂದೆ. ನಮ್ಮ ಕಡೆ ಸಕ್ಕರೆ ತಿಂದರೆ ಸಂಬಂಧ ಒಪ್ಪಿದ ಹಾಗೆ. ಅಂಗೈಯಲ್ಲಿ ಇಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು?

ಮರುದಿನ ಬೆಳಿಗ್ಗೆ ಅವಳು ಮಗ್ಗದ ಎದುರಿಗೆ ಬಂದು ನಿಂತಳು. ಮಗ್ಗ ನಡೆಯುವಾಗ ಬಂದದ್ದು ಅವಳ ದಡ್ಡತನವಲ್ಲ. ನಮ್ಮ ಮನೆಗಳ ಗೋಡೆ ತೆಳು, ಸದ್ದು ನಿಂತರೆ ಓಣಿಯೆಲ್ಲ ಕಿವಿ. ಅದಕ್ಕೆ ಗುಟ್ಟಿನ ಮಾತನ್ನು ನಾವು ಸದ್ದಿನಲ್ಲೇ ಆಡುವುದು. ಅವಳ ತಾಯಿ ಒಳಗೆ ಒಲೆಯ ಮುಂದಿದ್ದಳು. ಬೆಳಕು ನೇರವಾಗಿ ಮಗಳ ಮುಖದ ಮೇಲಿತ್ತು. ತುಟಿ ಬಿಡಿಸಿ ಬಿಡಿಸಿ, ಚಿಕ್ಕ ಮಗುವಿಗೆ ಅಕ್ಷರ ಹೇಳಿಕೊಟ್ಟ ಹಾಗೆ ಅಂದಳು: "ಅಪ್ಪಾ, ಆ ಮನಿ ನನಗ ಬ್ಯಾಡ. ತಮ್ಮವ್ವಗ ಮಂದಿ ಮುಂದ ಹಂಗ ಅಂದಾಂವ, ನಾಳೆ ನನಗೂ ಹಂಗ ಅಂತಾನ. ನೀ ಇಲ್ಲಂತ ಹೇಳಿಬಿಡು."

ಒಂದು ಮಾತೂ ತಪ್ಪಲಿಲ್ಲ. ಎಲ್ಲ ತಿಳಿಯಿತು.

ಮಗ್ಗ ನಿಲ್ಲಿಸಲು ನನಗೆ ಒಂದು ಕ್ಷಣ ಸಾಕಿತ್ತು, ಹಿಡಿ ಕೈಯಲ್ಲೇ ಇತ್ತು. ನಿಲ್ಲಿಸಿದರೆ ಮಾತಾಡಬೇಕು. ಮಾತಾಡಿದರೆ ಅವಳು ಗೆಲ್ಲುತ್ತಾಳೆ, ಯಾಕೆಂದರೆ ಅವಳು ಹೇಳಿದ್ದು ಖರೆ ಎಂದು ನನಗೆ ಗೊತ್ತಿತ್ತು. ಸೋತರೆ ಹಿರಿಯರ ಮನೆಗೆ ಹೋಗಿ ತಿಂದ ಸಕ್ಕರೆ ಕಕ್ಕಬೇಕು. ಒಂದು ಕಪ್ ಚಹಾದ ಸಲುವಾಗಿ ಸಂಬಂಧ ಮುರಿದ ಎಂದು ಊರು ಆಡಿಕೊಳ್ಳುತ್ತದೆ. ಗಂಡಸು ಎಂದ ಮೇಲೆ ಒಂದು ಮಾತು ಬಂದೇ ಬರುತ್ತದೆ, ನಾನೇನು ಹೆಂಡತಿಗೆ ಅಂದಿಲ್ಲವೇ ಎಂದೂ ಅನಿಸಿತು. ಇಷ್ಟೆಲ್ಲ ಲಾಳಿ ಹತ್ತು ಸಲ ಓಡುವಷ್ಟರಲ್ಲಿ ತಲೆಯಲ್ಲಿ ಹಾದುಹೋಯಿತು. ಅವಳು ಇನ್ನೂ ನಿಂತೇ ಇದ್ದಳು. ನನಗೆ ಬೇಕಾಗಿದ್ದದ್ದು ಒಂದೇ, ಅವಳು ಎದುರಿನಿಂದ ಹೋಗಲಿ. ತಲೆಯಾಡಿಸಿದೆ. ಮೇಲೆ, ಕೆಳಗೆ. ಹೂಂ, ಹೋಗು.

ಅವಳ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನನ್ನ ತೋಳು ಮುಟ್ಟಿ ಹೋದಳು. ಅವತ್ತು ಮಧ್ಯಾಹ್ನ ಯಾವ ಹಬ್ಬವೂ ಇಲ್ಲದೆ ಗೋಧಿ ಹುಗ್ಗಿ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ.

ನಿಶ್ಚಯದ ದಿನವನ್ನು ಫೋನಿನಲ್ಲೇ ಗೊತ್ತು ಮಾಡಿದೆ. ಮನೆಯಲ್ಲಿ ಹೇಳಿದ್ದು ಹಿಂದಿನ ದಿನ ಸಂಜೆ. ಹೆಂಡತಿ ದಂಗಾದಳು. ಆ ಮನೆ ಬೇಡ ಅಂದೆ, ಅಪ್ಪ ಹೂಂ ಅಂದ ಎಂದು ಮಗಳೇ ತನಗೆ ಹೇಳಿದ್ದಳಲ್ಲ ಎಂದು ಕೇಳಿದಳು. ಮಗಳು ಅವಳ ಹಿಂದೆಯೇ ನಿಂತಿದ್ದಳು. ಆಗ ನಾನು ಅಂದೆ: "ಯಾವಾಗ ಅಂದ್ಳು? ಮಗ್ಗದ ಸದ್ದಿನಾಗ ನನಗೇನೂ ಕೇಳಿಲ್ಲ. ಕಂಡಿಕಿ ತರಲೇನು ಅಂತ ಕೇಳಾಕತ್ತಾಳ ಅನಕೊಂಡೆ, ತಲಿ ಆಡಿಸಿದೆ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಮಗಳು ಸಿಟ್ಟಾಗಿದ್ದರೆ ನಾನು ಬದುಕುತ್ತಿದ್ದೆ. ಅತ್ತು ರಂಪ ಮಾಡಿದ್ದರೆ, ತಾಟು ಎಸೆದಿದ್ದರೆ, ನಾನೂ ಎರಡು ಮಾತು ಬೈದು ಆಮೇಲೆ ಕರಗುತ್ತಿದ್ದೆನೋ ಏನೋ. ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳು. "ನಂದ ತಪ್ಪಪ್ಪಾ. ಮಗ್ಗ ಬಂದ್ ಮಾಡಿಸಿ ಹೇಳಬೇಕಿತ್ತು," ಅಂದಳು. ನಾಳೆ ಬರುವವರಿಗೆ ಈಗ ಏನು ಹೇಳುವುದು ಎಂದು ನಾನು ಕೇಳಿದೆ. ಮರುದಿನ ಅವರು ತಂದ ಸೀರೆಯನ್ನು ಉಟ್ಟುಕೊಂಡು ಬಂದು ಕೂತಳು.

ಅಳಿಯ ಕೆಟ್ಟವನೇ ಎಂದು ಕೇಳಿದರೆ ಮುಧೋಳದಲ್ಲಿ ಒಬ್ಬರೂ ಹೌದೆನ್ನುವುದಿಲ್ಲ. ಕೈ ಎತ್ತಿದವನಲ್ಲ, ಹೊಟ್ಟೆ-ಬಟ್ಟೆಗೆ ಕಡಿಮೆ ಮಾಡಿದವನಲ್ಲ. ಗಿರಾಕಿಗಳಿಗೆ ಅವನ ಮಾತು ಬೆಲ್ಲ. ಮನೆಯ ಹೆಂಗಸರಿಗೆ ಮಾತ್ರ ಆ ಒಂದು ನಾಲಿಗೆ. ಮೊದಲ ದೀಪಾವಳಿಗೆ ಗಂಡ-ಹೆಂಡತಿ ಬನಹಟ್ಟಿಗೆ ಬಂದಾಗ ಮಗಳು ಮಾಡಿದ ಬದನೆಕಾಯಿ ಪಲ್ಯಕ್ಕೆ ಉಪ್ಪು ಒಂದಿಷ್ಟು ಹೆಚ್ಚಾಗಿತ್ತು. ನನ್ನ ಮನೆಯಲ್ಲಿ, ನನ್ನ ಎದುರಿಗೆ, ನನ್ನ ಮಗಳಿಗೆ "ಬುದ್ಧಿ ಎಲ್ಲಿಟ್ಟಿ?" ಅಂದ. ಹಬ್ಬವೆಂದು ಮಗ್ಗ ನಿಂತಿತ್ತು, ಎಲ್ಲರಿಗೂ ಕೇಳಿತು. ಅವಳು ನಕ್ಕಳು. ಅವನ ತಾಯಿ ಅವತ್ತು ನಕ್ಕ ಹಾಗೆಯೇ, ಸೆರಗು ಕೈಯಲ್ಲಿ ಹಿಡಿದುಕೊಂಡು. ನಾನು ಅದೇ ಪಲ್ಯಕ್ಕೆ ರೊಟ್ಟಿ ಹಚ್ಚಿಕೊಂಡು ಉಂಡೆ. ಅವನಿಗೆ ಒಂದು ಮಾತು ಅನ್ನುವ ಹಕ್ಕನ್ನು ನಾನು ಸಕ್ಕರೆಯ ಜೊತೆ ನುಂಗಿದ್ದೆ.

ವರ್ಷ ಕಳೆದಂತೆ ಅವಳ ಮಾತು ಸಣ್ಣದಾಯಿತು. ಒಂದೇ ಸಲ ನಿಂತಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ನೂಲು ಸವೆದ ಹಾಗೆ ಸವೆಯಿತು, ಯಾರಿಗೂ ಕಾಣಲಿಲ್ಲ. ಪಂಚಮಿಗೆ ತವರಿಗೆ ಬಂದಾಗ ಕರೆಂಟ್ ಹೋದರೆ ಮನೆಯೆಲ್ಲ ನಿಶ್ಶಬ್ದ, ಅವಳು ಒಳಗೆ ಇದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಏನು ಕೇಳಿದರೂ ತಲೆಯಾಡಿಸುತ್ತಾಳೆ. ಊಟ ಆಯಿತೇ, ತಲೆ. ಆರಾಮಿದ್ದೀಯಾ, ತಲೆ. ಅವಳಿಗೊಂದು ಮಗಳಿದ್ದಾಳೆ, ಎರಡನೆಯ ಇಯತ್ತೆಯಲ್ಲಿ ಓದುತ್ತಾಳೆ. ಆ ಕೂಸು ಏನಾದರೂ ಹೇಳುವಾಗ ತಾಯಿಯ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡೇ ಹೇಳುತ್ತದೆ. ಹೇಳಿ ಮುಗಿಸಿ, ನಾ ಏನಂದೆ ಹೇಳು ನೋಡೋಣ ಎಂದು ಪರೀಕ್ಷೆ ಮಾಡುತ್ತದೆ. ಎಷ್ಟೋ ಸಲ ತಾಯಿಗೆ ಹೇಳಲು ಬರುವುದಿಲ್ಲ.

ಇನ್ನು ನನ್ನ ದೊಡ್ಡಸ್ತಿಕೆಯ ಕಥೆ ಕೇಳಿ. ಕಿವಿ ಮಂದವಾಯಿತೆಂದು ಜಮಖಂಡಿಯ ಡಾಕ್ಟರು ಮಗ್ಗದ ಮುಂದೆ ಕೂರುವುದು ಬೇಡ ಅಂದರು. ಹೊತ್ತು ಹೋಗಬೇಕಲ್ಲ. ನಮ್ಮ ಸಮುದಾಯ ಭವನದ ಮುಂದೆ ಒಂದು ಕರಿ ಹಲಗೆ ಇತ್ತು, ಸಾವಿನ ಸುದ್ದಿ ಬರೆಯಲು ಇಟ್ಟದ್ದು. ಯಾರೂ ಸಾಯದ ದಿನ ನಾನು ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಒಳ್ಳೆಯ ಮಾತು ಬರೆಯತೊಡಗಿದೆ. 'ಮನೆಯವರ ಮಾತಿಗೆ ಕಿವಿ ಕೊಡುವವನಿಗೆ ಊರ ಮಾತಿನ ಭಯವಿಲ್ಲ.' 'ದಿನಕ್ಕೆ ಒಂದು ಸಲವಾದರೂ ಮಕ್ಕಳ ಎದುರು ಸುಮ್ಮನೆ ಕೂರು.' ಹೀಗೆ. ಹುಡುಗರು ಫೋಟೋ ತೆಗೆದು ಸ್ಟೇಟಸ್ ಇಡತೊಡಗಿದರು. ಮಹಾಲಿಂಗಪುರದಲ್ಲಿ ಯಾರೋ ನೋಡಿ, ಸುಖ ಸಂಸಾರದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದರು.

ಹೋದೆ. ಮೈಕ್ ಮುಂದೆ ನಿಂತೆ. ಏನು ಹೇಳಲಿ? ಬಾಯಿಗೆ ಬಂದದ್ದು ಮಗಳ ಕಥೆ. ನನ್ನ ಮಗಳು ಜೀವದ ಮಾತು ಹೇಳಲು ಬಂದಳು, ಮಗ್ಗದ ಸದ್ದಿನಲ್ಲಿ ನನಗೆ ಕೇಳಲಿಲ್ಲ, ತಲೆಯಾಡಿಸಿಬಿಟ್ಟೆ. ಮನೆಯವರು ಮಾತಾಡಲು ಬಂದರೆ ಮೊದಲು ಮಗ್ಗ ನಿಲ್ಲಿಸಿರಪ್ಪಾ, ಟಿವಿ ನಿಲ್ಲಿಸಿರಿ, ಕೈಯಲ್ಲಿನ ಫೋನ್ ಕೆಳಗಿಡಿ, ಎಂದೆ. ಹೇಳುತ್ತಾ ನನ್ನ ಕಣ್ಣೂ ತುಂಬಿತು. ಜನ ಅತ್ತರು. ಚಪ್ಪಾಳೆ ಹೊಡೆದರು. ಶಾಲು ಹೊದಿಸಿದರು. ಆಮೇಲೆ ಬೀಳಗಿಯಲ್ಲಿ, ಗಲಗಲಿಯಲ್ಲಿ, ಚಿಮ್ಮಡದಲ್ಲಿ, ಎಲ್ಲಿ ಕರೆದರೂ ಅದೇ ಕಥೆ, ಅದೇ ಕಣ್ಣೀರು. ಗಲಗಲಿಯಲ್ಲಿ ಒಬ್ಬಾಕೆ ಮರುವರ್ಷ ಸಿಕ್ಕು, ನಿಮ್ಮ ಮಾತು ಕೇಳಿದ ಮೇಲೆ ನಮ್ಮ ಮನೆಯವರು ನಾನು ಬಾಯಿ ತೆರೆದರೆ ಟಿವಿ ಬಂದ್ ಮಾಡುತ್ತಾರೆ ಎಂದು ಕೈಮುಗಿದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಗಾದೆ ಮಾಡಿಲ್ಲ ಹಿರಿಯರು.

ನನ್ನ ಹೆಂಡತಿ ಒಂದು ಭಾಷಣಕ್ಕೂ ಬರಲಿಲ್ಲ. ಮೊದಲ ಸಲ ಶಾಲು ಹೊದ್ದುಕೊಂಡು ಮನೆಗೆ ಬಂದಾಗ ತಾಟು ಮುಂದಿಟ್ಟು, ನನ್ನ ಮುಖ ನೋಡದೆ ಕೇಳಿದಳು: "ಎದುರಿಗಿನ ಮನಿ ಸೊಸಿ ಗೊಣಗಿದ್ದು ನಿಮಗ ತಿಳೀತಿತ್ತು. ಮಗಳು ಅಂದದ್ದು ತಿಳಿಲಿಲ್ಲೇನ್ರಿ?" ಅವತ್ತು ಮಗ್ಗಕ್ಕೆ ಎಣ್ಣೆ ಕಡಿಮೆಯಾಗಿತ್ತು, ಸದ್ದು ಬಹಳ ಇತ್ತು ಎಂದೆ. ಅವಳು ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ನನ್ನ ಜೊತೆ ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ.

ಹೋದ ಚಳಿಗಾಲದಲ್ಲಿ ಮುಧೋಳದ ಮಹಿಳಾ ಸಂಘದವರು ಕರೆದರು. ಮಗಳ ಊರು, ಬೇಡ ಅನ್ನಬೇಕೆಂದುಕೊಂಡೆ. ಅನ್ನಲಿಲ್ಲ. ಹೊಗಳಿಕೆಯ ಚಟ ಎಂಥ ಚಟ ಎಂದು ಹತ್ತಿದವನಿಗೇ ಗೊತ್ತು. ವೇದಿಕೆಯಿಂದ ನೋಡಿದರೆ ಎರಡನೆಯ ಸಾಲಿನಲ್ಲಿ ಮಗಳು ಕೂತಿದ್ದಾಳೆ. ಬೇರೆ ಕಥೆ ಹೇಳಲು ನನ್ನ ಹತ್ತಿರ ಇರಲಿಲ್ಲ. ಅದನ್ನೇ ಹೇಳಿದೆ, ಅವಳ ಎದುರಿಗೇ. ಈ ಸಲ ಕಣ್ಣೀರು ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹೆಂಗಸರು ಅವಳನ್ನು ಸುತ್ತುವರಿದು ಕೈ ಹಿಡಿದುಕೊಂಡು, ಇಂಥ ತಂದೆ ಯಾರಿಗೆ ಸಿಗುತ್ತಾರೆ ಅಂದರು. ಅವಳು ತಲೆಯಾಡಿಸಿದಳು.

ಅಲ್ಲಿಂದ ಅವಳ ಮನೆಗೆ ಹೋದೆವು. ಅಳಿಯ ಅಂಗಡಿಯಲ್ಲಿದ್ದ, ಮೊಮ್ಮಗಳು ಸಾಲೆಗೆ ಹೋಗಿದ್ದಳು, ಅವಳ ಅತ್ತೆ ಒಳಕೋಣೆಯಲ್ಲಿ ಮಲಗಿದ್ದಳು. ನಾನು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತೆ. ಮಗಳು ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಎರಡು ರೊಟ್ಟಿ ಹೆಂಚಿನಿಂದ ಇಳಿದವು. ಆಮೇಲೆ ಅವಳೇ ಶುರು ಮಾಡಿದಳು. ಎಷ್ಟೋ ವರ್ಷಗಳಿಂದ ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಕೇಳಿರಲಿಲ್ಲ.

"ಅಪ್ಪಾ, ಊರೂರು ತಿರುಗಿ ಹಂಗ ನಿನ್ನ ಮ್ಯಾಲೆ ಹಾಕ್ಕೊಂಡು ಹೇಳಬ್ಯಾಡ. ನಿಂದೇನ ತಪ್ಪೈತಿ ಅದರಾಗ? ಮಗ್ಗ ಬಂದ್ ಮಾಡು ಅಂತ ಒಂದು ಮಾತು ನಾ ಅನ್ನಲಿಲ್ಲ. ಅಂದಿದ್ರ ಮುಗೀತಿತ್ತು. ರೊಟ್ಟಿ ಬಡಿಯೂವಾಗ ದಿನಾ ಅದ ನೆನಪಾಗ್ತೈತಿ. ಅವರು ಬುದ್ಧಿ ಎಲ್ಲಿಟ್ಟಿ ಅಂದಾಗೆಲ್ಲಾ ನನಗ ಖರೆ ಅನಸ್ತೈತಿ. ಅವತ್ತ ನನಗ ಬುದ್ಧಿ ಇರಲಿಲ್ಲ."

ಒಂಬತ್ತು ವರ್ಷ. ನನ್ನ ಸುಳ್ಳನ್ನು ಅವಳು ಒಂಬತ್ತು ವರ್ಷ ಹೊತ್ತುಕೊಂಡು ತಿರುಗಿದ್ದಾಳೆ, ತನ್ನ ತಪ್ಪೆಂದು. ಗಂಡನ ಒಂದೊಂದು ಮಾತಿಗೂ ಒಳಗಿನಿಂದ ಹೌದೆನ್ನುತ್ತಾ ಬಂದಿದ್ದಾಳೆ. ನಾನು ಅವಳನ್ನು ಬೇಡದ ಮನೆಗೆ ಕೊಟ್ಟೆ ಎಂದಷ್ಟೇ ತಿಳಿದಿದ್ದೆ. ಅವಳಿಂದ ಕಿತ್ತುಕೊಂಡದ್ದು ಅಷ್ಟೇ ಅಲ್ಲವೆಂದು ಆ ಅಡುಗೆಮನೆಯಲ್ಲಿ ತಿಳಿಯಿತು. ಅವಳು ಸರಿಯಾಗಿ ನೋಡಿದ್ದಳು, ಸರಿಯಾಗಿ ಹೇಳಿದ್ದಳು. ಆ ಇಡೀ ಜಮಖಾನದ ಮೇಲೆ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ. ಅದನ್ನು ಅವಳಿಗೆ ಹೇಳದೆ ಸತ್ತರೆ ನನಗೆ ಮಣ್ಣು ಸಹ ಜಾಗ ಕೊಡುವುದಿಲ್ಲ ಅನಿಸಿತು.

"ಯವ್ವಾ," ಅಂದೆ, "ಅವತ್ತು ನನಗ ತಿಳಿದಿತ್ತು. ನಿನ್ನ ತುಟಿ ನೋಡಿದ್ದೆ. ಒಂದೊಂದ ಮಾತೂ ತಿಳಿದಿತ್ತು. ತಿಳಿದ ತಲಿ ಆಡಿಸಿದೆ. ಕೇಳಿಲ್ಲ ಅಂದದ್ದು ಸುಳ್ಳು. ನಿಂದೇನೂ ತಪ್ಪಿಲ್ಲ."

ಹೇಳುವಾಗ ಅವಳ ಕೈಯನ್ನೇ ನೋಡುತ್ತಿದ್ದೆ. ರೊಟ್ಟಿ ಬಡಿಯುವ ಕೈ ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಅದೇ ಸಮನಾಗಿ ಬಡಿಯಿತು, ರೊಟ್ಟಿ ದುಂಡಗೆ ಅಗಲವಾಯಿತು. ಅವಳು ಅದನ್ನು ಎತ್ತಿ ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಬೈಯಲಿ ಎಂದು ಕಾದೆ. ಅಳಲಿ ಎಂದು ಕಾದೆ. ಹೆಂಚಿನ ಮೇಲಿನದನ್ನು ತೆಗೆದು ನನ್ನ ಮುಖಕ್ಕೆ ಎಸೆದಿದ್ದರೂ ಆ ಸುಟ್ಟ ಗುರುತನ್ನು ಆಶೀರ್ವಾದ ಎಂದು ಇಟ್ಟುಕೊಳ್ಳುತ್ತಿದ್ದೆ. ಅವಳು ರೊಟ್ಟಿ ತಿರುವಿ ಹಾಕಿದಳು.

"ಕೇಳಿಸ್ತೇನವ್ವಾ?" ಎಂದೆ.

ಆಗ ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಏನೂ ಇರಲಿಲ್ಲ. ತುಟಿ ಅಲುಗಲಿಲ್ಲ, ಓದಲು ನನಗೆ ಏನೂ ಸಿಗಲಿಲ್ಲ. ತಲೆಯಾಡಿಸಿದಳು. ಮೇಲೆ, ಕೆಳಗೆ.

ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ ಇಟ್ಟು ನನ್ನ ಮುಂದೆ ಸರಿಸಿದಳು. "ರೊಟ್ಟಿ ಆರತಾವ, ಉಣ್ಣಪ್ಪಾ," ಅಂದು ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನಾನು ಉಂಡೆ. ಇನ್ನೇನು ಮಾಡಲಿ? ಅವಳ ಬೆನ್ನು ನನ್ನ ಕಡೆಗಿತ್ತು. ಆ ತಲೆಯಾಡಿಸುವುದನ್ನು ನಾನು ಗುರುತು ಹಿಡಿಯದೆ ಇರಲು ಸಾಧ್ಯವೇ? ಅದು ನಮ್ಮ ಮನೆಯದು. ನಾನೇ ಕಲಿಸಿದ್ದು, ಒಂದು ಬೆಳಿಗ್ಗೆ, ಮಗ್ಗದ ಮುಂದೆ. ಎದುರಿಗೆ ನಿಂತವರು ಸುಮ್ಮನೆ ಹೋಗಲಿ ಎಂದು ಆಡಿಸುವುದು ಅದು.

ಕೈ ತೊಳೆದುಕೊಂಡು, ಶಾಲನ್ನು ಮಡಚಿ ಚೀಲದಲ್ಲಿ ಹಾಕಿ, ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ.